ಹಿತ್ತಾಳೆಯ ಹದ: ಮರುಭರ್ತಿಗಾಗಿ ರೈಫಲ್ ಚಿಪ್ಪುಗಳ ಆಯ್ಕೆ

ಬ್ರಿಟಿಷರ ಸೇನೆ ಭಾರತದಲ್ಲಿದ್ದ ಕಾಲದಲ್ಲಿ, ಮಳೆಗಾಲ ಬಂದೊಡನೆ ದಂಡಿನ ಚಟುವಟಿಕೆಗಳು ತಗ್ಗುತ್ತಿದ್ದವು. ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಇರಿಸಲಾಗುತ್ತಿತ್ತು. ಮಳೆ ನಿಂತ ಮೇಲೆ ತೆರೆದು ನೋಡಿದರೆ ಅನೇಕ ಕಾಡತೂಸುಗಳ ಹಿತ್ತಾಳೆಯ ಚಿಪ್ಪು, ವಿಶೇಷವಾಗಿ ಗುಂಡನ್ನು ಬಿಗಿದು ಹಿಡಿದಿರುವ ಕತ್ತಿನ ಭಾಗದಲ್ಲಿ, ಸೀಳಿರುತ್ತಿತ್ತು. ಇವು ಒಮ್ಮೆಯೂ ಹಾರಿಸದ ಕಾಡತೂಸುಗಳು. ಋತುವಿನೊಡನೆ ಕಾಣಿಸಿಕೊಂಡ ಈ ದೋಷಕ್ಕೆ ಲೋಹಶಾಸ್ತ್ರದಲ್ಲಿ ‘ಋತುಬಿರುಕು’ ಎಂಬರ್ಥದ ಹೆಸರೇ ನಿಂತಿತು. ಅದರ ಕಾರಣವನ್ನು 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಸಂಶೋಧಕರು ವಿವರಿಸಿದರು. ಕುದುರೆಗಳ ಮೂತ್ರದಿಂದ ಹೊಮ್ಮುವ ಅಮೋನಿಯಾ, ತೇವದ ಗಾಳಿ, ತಯಾರಿಕೆಯ ಹಂತದಲ್ಲಿಯೇ ಲೋಹದೊಳಗೆ ಉಳಿದುಬಿಟ್ಟ ಬಿಗಿತ, ಇವು ಒಂದುಗೂಡಿದಾಗ ಹಿತ್ತಾಳೆ ತಾನಾಗಿಯೇ ಸೀಳುತ್ತದೆ.

ಹಾರಿಸಿದ ಚಿಪ್ಪಿಗೆ ಹೊಸ ಕೇಪು, ಮದ್ದು, ಗುಂಡುಗಳನ್ನು ತುಂಬಿ ಮರಳಿ ಬಳಸುವ ಪದ್ಧತಿ ಅಮೆರಿಕ ಮತ್ತು ಯೂರೋಪಿನ ಗುರಿಕಾರರಲ್ಲಿ ವ್ಯಾಪಕವಾಗಿದೆ. (ನಮ್ಮಲ್ಲಿ 1959ರ ಆಯುಧ ಕಾಯಿದೆಯು ಕಾಡತೂಸಿನ ಬಿಡಿಭಾಗಗಳನ್ನೂ ಮದ್ದುಗುಂಡಿನ ವ್ಯಾಖ್ಯೆಯೊಳಗೆ ಸೇರಿಸಿರುವುದರಿಂದ ಪರವಾನಗಿಯಿಲ್ಲದೆ ಈ ಕೆಲಸಕ್ಕೆ ಕೈಹಾಕುವಂತಿಲ್ಲ.) ಇವರಲ್ಲಿ ಅನೇಕರು ಚಿಪ್ಪಿನ ಗುಣವನ್ನು ಅದರ ಹೊಳಪಿನಿಂದ ಅಳೆಯುತ್ತಾರೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಲಾಯದಲ್ಲಿ ಸೀಳಿದ ಕಾಡತೂಸುಗಳೂ ಹೊಳೆಯುತ್ತಲೇ ಕಾರ್ಖಾನೆಯಿಂದ ಬಂದಿದ್ದವು. ಪರೀಕ್ಷಿಸಬೇಕಾದದ್ದು ಲೋಹದ ಪೂರ್ವವೃತ್ತಾಂತವನ್ನು.

ಕಾಡತೂಸಿನ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು ಇರುತ್ತವೆ. ಈ ಮಿಶ್ರಲೋಹದ ಬಿಲ್ಲೆಯನ್ನು ಮೊದಲು ಬಟ್ಟಲಾಗಿ ಒತ್ತಿ, ಆಮೇಲೆ ಹಂತಹಂತವಾಗಿ ಎಳೆದು ಉದ್ದಗೊಳಿಸುತ್ತಾರೆ. ತಣ್ಣಗಿರುವಾಗ ಬಡಿದ ಹಿತ್ತಾಳೆ ಗಡುಸಾಗುತ್ತದೆ, ಕಾಯಿಸಿದರೆ ಮೆದುವಾಗುತ್ತದೆ ಎಂಬುದನ್ನು ನಮ್ಮ ಕಂಚುಗಾರರು ಯಾವ ಪಠ್ಯವಿಲ್ಲದೆಯೂ ಬಲ್ಲರು; ಬಿಂದಿಗೆ ಬಡಿಯುವಾಗ ನಡುನಡುವೆ ಕಾಯಿಸದಿದ್ದರೆ ತಗಡು ಒಡೆಯುತ್ತದೆ. ಚಿಪ್ಪಿನ ವಿಷಯದಲ್ಲಿ ಕಷ್ಟವೇನೆಂದರೆ ಒಂದೇ ತುಂಡಿನಲ್ಲಿ ಎರಡು ಹದಗಳು ಬೇಕು. ತಳ ಗಡುಸಾಗಿರಬೇಕು, ಏಕೆಂದರೆ 3,000 ವಾಯುಭಾರಕ್ಕೂ ಮಿಕ್ಕ ಒತ್ತಡವನ್ನು ಅದು ತಡೆಯಬೇಕು, ಕೇಪನ್ನು ಸಡಿಲಬಿಡದೆ ಹಿಡಿದಿರಬೇಕು. ಕತ್ತು ಮೆದುವಾಗಿರಬೇಕು; ಅದು ಕ್ಷಣಮಾತ್ರದಲ್ಲಿ ಹಿಗ್ಗಿ, ಅನಿಲ ಹಿಂದಕ್ಕೆ ನುಗ್ಗದಂತೆ ಮುಚ್ಚಿ, ಮತ್ತೆ ತುಸು ಕುಗ್ಗಬೇಕು. ಆದ್ದರಿಂದ ಕೊನೆಯಲ್ಲಿ ಕತ್ತು ಮತ್ತು ಹೆಗಲನ್ನು ಮಾತ್ರ ಕಾಯಿಸಿ ಹದಗೊಳಿಸುತ್ತಾರೆ. ಸೇನೆಯ ಚಿಪ್ಪುಗಳಲ್ಲಿ ಇದರ ನೀಲಿಗಂದು ಛಾಯೆ ಹಾಗೆಯೇ ಉಳಿದಿರುತ್ತದೆ. ವಾಣಿಜ್ಯ ತಯಾರಕರು ಬಹುಮಟ್ಟಿಗೆ ಅದನ್ನು ಉಜ್ಜಿ ತೆಗೆಯುತ್ತಾರೆ. ಅಜ್ಞಾನಿ ಗ್ರಾಹಕನು ಕಲೆಯೆಂದು ತಿರಸ್ಕರಿಸುವ ಆ ಛಾಯೆ ಕತ್ತನ್ನು ಹದಗೊಳಿಸಿದ್ದರ ಗುರುತು.

ಪ್ರತಿ ಹಾರಿಕೆಯಲ್ಲೂ ಮತ್ತು ಮರಳಿ ಅಚ್ಚಿಗೆ ಹಾಕುವಾಗಲೂ ಕತ್ತು ಸ್ವಲ್ಪಸ್ವಲ್ಪವೇ ಗಡುಸಾಗುತ್ತ ಹೋಗಿ, ಕಡೆಗೆ ಸೀಳುತ್ತದೆ. ಕತ್ತನ್ನು ಮತ್ತೆ ಕಾಯಿಸಿ ಆಯುಷ್ಯ ಹೆಚ್ಚಿಸಬಹುದು. ಆದರೆ ಕಾವು ತಳಕ್ಕೆ ಇಳಿದರೆ ಆ ಚಿಪ್ಪು ಮುಗಿಯಿತೆಂದೇ ತಿಳಿಯಬೇಕು. ಉಕ್ಕಿನಂತೆ ಕಾಯಿಸಿ ನೀರಿಗದ್ದಿ ಹಿತ್ತಾಳೆಯನ್ನು ಗಡುಸುಗೊಳಿಸಲಾಗದು. ಬೆಂಕಿ ತಗುಲಿದ ದಾಸ್ತಾನಿನ ಚಿಪ್ಪುಗಳನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಳಸಬಾರದೆಂಬುದಕ್ಕೆ ಇದೇ ಕಾರಣ.

ಕತ್ತಿನ ಸೀಳು ಕಣ್ಣಿಗೆ ಕಾಣುತ್ತದೆ, ಅಪಾಯವೂ ಕಡಿಮೆ. ತಳದ ಮೇಲ್ಭಾಗದ ಬಿರುಕು ಹಾಗಲ್ಲ. .303 ಚಿಪ್ಪನ್ನು ನೋಡಿ. ಲೀ-ಎನ್‌ಫೀಲ್ಡ್ ರೈಫಲ್ಲಿನಲ್ಲಿ ಈ ಚಿಪ್ಪು ತಳದ ಅಂಚಿನ ಆಧಾರದ ಮೇಲೆ ನಿಲ್ಲುತ್ತದೆ. ಕೆಸರು-ಧೂಳಿನ ರಣಭೂಮಿಯಲ್ಲೂ ಕಾಡತೂಸು ಸಿಲುಕದಿರಲೆಂದು ಅದರ ಚೇಂಬರನ್ನು ಸಡಿಲವಾಗಿಯೇ ಕೊರೆದಿರುತ್ತಾರೆ. ಹಾರಿದಾಗ ಚಿಪ್ಪಿನ ಮುಂಭಾಗ ಚೇಂಬರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ, ತಳ ಹಿಂದಕ್ಕೆ ಸರಿಯುತ್ತದೆ. ಇವೆರಡರ ನಡುವಿನ ಲೋಹ ಎಳೆದು ತೆಳುವಾಗುತ್ತದೆ. ಮರುಭರ್ತಿಯ ಅಚ್ಚಿನಲ್ಲಿ ಹೆಗಲನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ಮುಂದಿನ ಬಾರಿ ಅದೇ ಎಳೆತ ಪುನರಾವರ್ತನೆಯಾಗಿ, ಕಡೆಗೆ ಚಿಪ್ಪು ಎರಡು ತುಂಡಾಗಿ ಬಿಸಿ ಅನಿಲ ಗುರಿಕಾರನ ಮುಖದತ್ತ ನುಗ್ಗಬಹುದು. ತಳದಿಂದ ಸ್ವಲ್ಪ ಮೇಲೆ ಸುತ್ತಲೂ ಕಾಣುವ ಹೊಳಪಿನ ಗೆರೆ ಇದರ ಮುನ್ಸೂಚನೆ. ಅದಕ್ಕೂ ಮೊದಲೇ, ತುದಿಯನ್ನು ಚೂಪುಮಾಡಿ ಬಾಗಿಸಿದ ತಂತಿಯೊಂದನ್ನು ಒಳಗೋಡೆಯ ಮೇಲೆ ತಳದಿಂದ ಮೇಲಕ್ಕೆಳೆದರೆ, ತೆಳುವಾದೆಡೆ ತುದಿ ತಡೆಯುತ್ತದೆ. ಇಷ್ಟು ಸರಳವಾದ ಈ ಪರೀಕ್ಷೆಯನ್ನು ಬೆಲೆಬಾಳುವ ಉಪಕರಣಗಳನ್ನಿಟ್ಟುಕೊಂಡವರೂ ಮಾಡದಿರುವುದು ಆಶ್ಚರ್ಯ. ಒಂದೇ ರೈಫಲ್ಲಿಗೆ ಬಳಸುವ ಚಿಪ್ಪುಗಳ ಕತ್ತನ್ನಷ್ಟೇ ಅಚ್ಚಿಗೆ ಹಾಕುವುದು ಈ ಎಳೆತವನ್ನು ತಗ್ಗಿಸುವ ಉಪಾಯ.

ತಳಮುದ್ರೆ ಒಂದೇ ಆಗಿರುವ, ಒಂದೇ ತಯಾರಿಕಾ ಕಂತಿನ ಚಿಪ್ಪುಗಳನ್ನು ಒಟ್ಟಿಗಿಡಬೇಕು. ಚೇಂಬರು ಚಿಪ್ಪಿನ ಹೊರಗಾತ್ರವನ್ನು ನಿರ್ಧರಿಸುವುದರಿಂದ, ಲೋಹ ಹೆಚ್ಚಿದ್ದಷ್ಟೂ ಒಳಗಿನ ಜಾಗ ಕಡಿಮೆ. ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು. ಸೇನೆಯ 7.62 ಮಿಲಿಮೀಟರ್ ಚಿಪ್ಪುಗಳು ವಾಣಿಜ್ಯ .308 ಚಿಪ್ಪುಗಳಿಗಿಂತ ಸಾಮಾನ್ಯವಾಗಿ ದಪ್ಪ. ಒಂದಕ್ಕೆ ಗೊತ್ತುಮಾಡಿದ ಪ್ರಮಾಣವನ್ನು ಇನ್ನೊಂದಕ್ಕೆ ಹಾಕುವುದು ಅವಿವೇಕ. ತೂಕದಿಂದ ವಿಂಗಡಿಸುವುದಕ್ಕಿಂತ ಚಿಪ್ಪಿಗೆ ನೀರು ತುಂಬಿ ಒಳಗಾತ್ರವನ್ನು ಅಳೆಯುವುದು ಹೆಚ್ಚು ವಿಶ್ವಾಸಾರ್ಹ, ಏಕೆಂದರೆ ತಳದಂಚಿನ ಲೋಹದ ವ್ಯತ್ಯಾಸ ತೂಕವನ್ನು ಬದಲಿಸುತ್ತದೆಯೇ ಹೊರತು ಒಳಜಾಗವನ್ನಲ್ಲ. ಕತ್ತಿನ ಗೋಡೆ ಸುತ್ತಲೂ ಒಂದೇ ದಪ್ಪವಿದ್ದರೆ ಗುಂಡು ನೇರವಾಗಿ ಕೂರುತ್ತದೆ. ಫಿನ್‌ಲೆಂಡಿನ ಲಾಪುವಾ ಚಿಪ್ಪುಗಳಿಗೆ ಸ್ಪರ್ಧಾಳುಗಳು ಹೆಚ್ಚಿನ ಬೆಲೆ ತೆರುವುದು ಇಂಥ ಏಕರೂಪತೆಗಾಗಿಯೇ.

ಕೇಪಿನ ಗುಳಿಯೊಳಗೆ ನಡುವೆ ಒಂದೇ ರಂಧ್ರವಿದ್ದರೆ ಅದು ಬಾಕ್ಸರ್ ಮಾದರಿ. ಹಳೆಯ ಕೇಪನ್ನು ಸೂಜಿಯಿಂದ ತಳ್ಳಿ ತೆಗೆಯಬಹುದು. ಬರ್ಡನ್ ಮಾದರಿಯಲ್ಲಿ ಸಾಮಾನ್ಯವಾಗಿ ಎರಡು ರಂಧ್ರಗಳು ಬದಿಗಿರುವುದರಿಂದ ಅದು ಸುಲಭವಲ್ಲ. ಬಾಕ್ಸರ್ ಇಂಗ್ಲಿಷರವನು, ಬರ್ಡನ್ ಅಮೆರಿಕದವನು. ಆದರೂ ಬಾಕ್ಸರನ ಮಾದರಿ ಅಮೆರಿಕದಲ್ಲೂ ಬರ್ಡನನದು ಯೂರೋಪಿನಲ್ಲೂ ನೆಲೆಯೂರಿದ್ದು ಇತಿಹಾಸದ ವಿನೋದ. ಹೊಸ ಕೇಪು ಬೆರಳಿನಿಂದಲೇ ಒಳಹೋಗುವಷ್ಟು ಗುಳಿ ಸಡಿಲವಾಗಿದ್ದರೆ ತಳ ಹಿಗ್ಗಿದೆಯೆಂದರ್ಥ.

ಆಯಸ್ಕಾಂತಕ್ಕೆ ಅಂಟಿದರೆ ಅದು ಬಣ್ಣ ಹಾಕಿದ ಉಕ್ಕು. ಮೇಲ್ಮೈಯ ಕಿಲುಬು ಉಜ್ಜಿದರೆ ಹೋಗುತ್ತದೆ; ಆದರೆ ಕೆಂಪು ಚುಕ್ಕೆಗಳು ಸತು ಕರಗಿ ತಾಮ್ರವಷ್ಟೇ ಉಳಿದಿರುವುದರ ಗುರುತು. ಪಾದರಸದ ಕೇಪು ಬಳಸಿದ ಹಳೆಯ ಕಾಡತೂಸುಗಳಲ್ಲಿ ಪಾದರಸ ಹಿತ್ತಾಳೆಯೊಡನೆ ಬೆರೆತು ಅದನ್ನು ಪೆಡಸಾಗಿಸುತ್ತದೆ. ಹೊರಗಿನಿಂದ ಏನೂ ಕಾಣದು. ಆಯ್ದ ಚಿಪ್ಪುಗಳನ್ನು ಅಮೋನಿಯಾ ಬೆರೆತ ಪಾಲಿಶಿನಿಂದ ಉಜ್ಜುವುದೆಂದರೆ ಲಾಯದ ಗಾಳಿಯನ್ನು ಮನೆಗೆ ತಂದಂತೆ. ತಿರಸ್ಕರಿಸಿದ ಚಿಪ್ಪುಗಳ ಕತ್ತನ್ನು ಇಕ್ಕಳದಿಂದ ಚಪ್ಪಟೆ ಮಾಡಿಯೇ ಗುಜರಿಗೆ ಹಾಕಬೇಕು. ಇಲ್ಲವಾದರೆ ಅವು ಮತ್ತೆ ಒಳ್ಳೆಯವುಗಳ ರಾಶಿಗೆ ಸೇರಿಕೊಳ್ಳುತ್ತವೆ.