ಊರಿನ ಹಳೆಯ ಚಿತ್ರದ ಕಾರ್ಡುಗಳು

ಮೈಸೂರಿನ ಹಳೆಯ ಚಿತ್ರದ ಕಾರ್ಡುಗಳನ್ನು ಕೂಡಿಡುವ ಅಭಿರುಚಿಯುಳ್ಳವರು ಮೊದಲು ಅರಿಯತಕ್ಕ ವಿಷಯವೊಂದುಂಟು. ಚಿತ್ರವನ್ನು ತೆಗೆದ ಕಾಲ ಬೇರೆ, ಕಾರ್ಡನ್ನು ಅಂಚೆಗೆ ಹಾಕಿದ ಕಾಲ ಬೇರೆ. ಅಂಚೆಯ ಮುದ್ರೆ ಎರಡನೆಯದನ್ನು ಮಾತ್ರ ತಿಳಿಸುತ್ತದೆ. ಚಿತ್ರವು ಅದಕ್ಕಿಂತ ಈಚಿನದಲ್ಲವೆಂಬುದಷ್ಟೇ ಅದರಿಂದ ಸಿದ್ಧವಾಗುವುದು.

ಉಳಿದುದನ್ನು ಚಿತ್ರದಲ್ಲಿಯೇ ಅರಸಬೇಕು. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಈಗಿನದು ಪೂರ್ಣವಾದುದು 1912ರಲ್ಲಿ. ದೊಡ್ಡ ಗಡಿಯಾರದ ಗೋಪುರ 1927ರದು. ಅದು ನಿಂತಿರಬೇಕಾದ ಎಡೆ ಬರಿದಾಗಿ ಕಂಡರೆ ಚಿತ್ರ ಅದಕ್ಕೂ ಹಿಂದಿನದು. ಹಿಮ್ಮಗ್ಗುಲಲ್ಲಿ ವಿಳಾಸಕ್ಕೆ ಮಾತ್ರ ಸ್ಥಳವಿದ್ದು, ಒಕ್ಕಣೆಯು ಚಿತ್ರದ ಅಂಚಿನಲ್ಲಿದ್ದರೆ, ಕಾರ್ಡು ಪ್ರಾಯಶಃ ಇಪ್ಪತ್ತನೆಯ ಶತಮಾನದ ಆರಂಭದ್ದು.

ಇದು ಕೇವಲ ವಿನೋದವೆ? 2016ರಲ್ಲಿ ದೇವರಾಜ ಮಾರ್ಕೆಟ್ಟಿನ ಒಂದು ಭಾಗ ಕುಸಿದುಬಿತ್ತು. ಬಿದ್ದ ಕಟ್ಟಡದ ರೂಪವೇನಿತ್ತೆಂಬುದಕ್ಕೆ ಇಂತಹ ಕಾರ್ಡುಗಳೂ ಸಾಕ್ಷಿ. ಆದರೆ ಕಾಲವನ್ನು ಹೇಳಲಾರದ ಸಾಕ್ಷಿಗೆ ಬೆಲೆ ಅಲ್ಪ. ಆದುದರಿಂದ ಸ್ಟಾಂಪಿನ ಆಸೆಗೆ ಕಾರ್ಡನ್ನು ನೀರಿನಲ್ಲಿ ನೆನೆಸಬಾರದು. ಸ್ಟಾಂಪಿನೊಡನೆ ಮುದ್ರೆಯೂ ಹೋಗುತ್ತದೆ. ಆಲ್ಬಮ್ಮಿಗೆ ಅಂಟಿನಿಂದ ಮೆತ್ತಲೂ ಬಾರದು. ಬೆನ್ನಿನ ಬರಹ ಮುಚ್ಚಿಹೋಗುತ್ತದೆ. ಕಾರ್ಡಿನ ಎರಡು ಮುಖಗಳೂ ಉಳಿದರೆ ಮಾತ್ರ ಊರಿನ ಚರಿತ್ರೆಗೆ ಅದು ಉಪಯುಕ್ತವಾದೀತು.