ಬೆರಳ ತುದಿಯಲ್ಲಿ ಊರು, ಪರದೆಯ ಮೇಲೆ ತೋಟ

"ಮೇಷ್ಟ್ರೇ, ನನ್ನ ಮಗ ಬೇಸಾಯ ಮಾಡ್ತಾನೆ. ಆದ್ರೆ ಮೊಬೈಲಿನಲ್ಲಿ! ಮನೆ ಹಿಂದಿನ ಅಡಿಕೆ ತೋಟಕ್ಕೆ ಬಾರೋ ಅಂದ್ರೆ ಕೂತಲ್ಲಿಂದ ಏಳೋದಿಲ್ಲ. ಅಲ್ಲಿ ಮಾತ್ರ ಹೊತ್ತು ಹುಟ್ಟೋಕೆ ಮುಂಚೆ ಗಿಡಕ್ಕೆ ನೀರು ಹಾಕ್ತಾನೆ."

ಪೋಷಕರ ಸಭೆಯಲ್ಲಿ ಒಬ್ಬ ತಂದೆ ಹೀಗೆ ಹೇಳಿದಾಗ ಸುತ್ತ ಕುಳಿತವರೆಲ್ಲ ನಕ್ಕರು. ಅವರು ನಗಲಿಲ್ಲ. ಮಗ ಹತ್ತನೆಯ ತರಗತಿ. ಪರೀಕ್ಷೆಗೆ ಉಳಿದಿದ್ದು ನಾಲ್ಕೇ ತಿಂಗಳು. ಅವರ ಚಿಂತೆ ಅಂಕಗಳದ್ದು ಮಾತ್ರ ಆಗಿರಲಿಲ್ಲ. ತನ್ನ ಕಸುಬನ್ನು ಕಂಡರೆ ಓಡಿಹೋಗುವ ಹುಡುಗ ಅದೇ ಕಸುಬಿನ ಆಟಕ್ಕೆ ಏಕೆ ಅಂಟಿಕೊಂಡ ಎಂಬುದು ಅವರಿಗೆ ಬಿಡಿಸಲಾಗದ ಒಗಟಾಗಿತ್ತು.

ಈ ಒಗಟು ಇಂದಿನದಲ್ಲ. ಊರು ಕಟ್ಟುವ, ಹೊಲ ಉಳುವ ಕಂಪ್ಯೂಟರ್ ಆಟಗಳಿಗೆ ಮೂರು ದಶಕಗಳಿಗೂ ಮೀರಿದ ಇತಿಹಾಸವಿದೆ.

ಕೆಡವುವುದಕ್ಕಿಂತ ಕಟ್ಟುವುದು ಚೆನ್ನ

ಅಮೆರಿಕದ ವಿಲ್ ರೈಟ್ 1984ರಲ್ಲಿ ಒಂದು ಯುದ್ಧದ ಆಟ ರೂಪಿಸಿದರು. ಹೆಲಿಕಾಪ್ಟರಿನಲ್ಲಿ ಹಾರಿ ದ್ವೀಪಗಳ ಮೇಲೆ ಬಾಂಬು ಹಾಕುವುದೇ ಆಟ. ಆದರೆ ಬಾಂಬು ಹಾಕುವುದಕ್ಕಿಂತ ಆ ದ್ವೀಪಗಳಲ್ಲಿ ರಸ್ತೆ, ಕಟ್ಟಡ ಜೋಡಿಸುವುದೇ ತಮಗೆ ಹೆಚ್ಚು ಖುಷಿ ಕೊಡುತ್ತಿದೆ ಎಂದು ಅವರಿಗೆ ಅನ್ನಿಸಿತು. ಅಲ್ಲಿಂದ ಹುಟ್ಟಿದ್ದು 'ಸಿಮ್‌ಸಿಟಿ'. ಸೋಲು ಗೆಲುವೇ ಇಲ್ಲದ ಆಟವನ್ನು ಯಾರು ಕೊಳ್ಳುತ್ತಾರೆ ಎಂದು ಪ್ರಕಾಶಕರು ಹಿಂಜರಿದರು. ಕೊನೆಗೆ 1989ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ಜಗತ್ತೇ ಮುಗಿಬಿದ್ದಿತು.

ಆಟಗಾರ ಇಲ್ಲಿ ಮೇಯರ್. ಅವನ ಮುಂದೆ ಉದ್ದಕ್ಕೆ 120, ಅಗಲಕ್ಕೆ 100 ಚೌಕಗಳ ಬಯಲು. ಹಸಿರು ಬಣ್ಣದ ಜಾಗ ವಸತಿಗೆ, ನೀಲಿ ವ್ಯಾಪಾರಕ್ಕೆ, ಹಳದಿ ಕೈಗಾರಿಕೆಗೆ. ವಿದ್ಯುತ್ ಸ್ಥಾವರ ಕಟ್ಟಿ, ತಂತಿ ಎಳೆದು, ರಸ್ತೆ ಹಾಕಿದರೆ ಜನ ತಾವಾಗಿ ಬರುತ್ತಾರೆ. ಮನೆಗಳ ಪಕ್ಕದಲ್ಲೇ ಕಾರ್ಖಾನೆ ಇಟ್ಟರೆ ಹೊಗೆಗೆ ಬೇಸತ್ತು ಹೊರಡುತ್ತಾರೆ. ತೆರಿಗೆ ಏರಿಸಿದರೆ ಬೊಕ್ಕಸ ಮೊದಲು ತುಂಬುತ್ತದೆ, ಆಮೇಲೆ ಜನ ಊರು ಬಿಡುವುದರಿಂದ ಬರಿದಾಗುತ್ತದೆ.

ಬೇಸಾಯದ ಆಟಗಳೂ ಹಿಂದೆಯೇ ಬಂದವು. ಸಿಮ್‌ಸಿಟಿಯ ಕಂಪನಿಯೇ 1993ರಲ್ಲಿ 'ಸಿಮ್‌ಫಾರ್ಮ್' ತಂದಿತು. 1996ರಲ್ಲಿ ಜಪಾನಿನ ಯಾಸುಹಿರೊ ವಾಡಾ 'ಹಾರ್ವೆಸ್ಟ್ ಮೂನ್' ರೂಪಿಸಿದರು. ಹಳ್ಳಿಯಲ್ಲಿ ಬೆಳೆದು ಟೋಕಿಯೊ ಸೇರಿದ್ದ ಅವರಿಗೆ ಬಿಟ್ಟುಬಂದ ಊರಿನ ನೆನಪೇ ಆ ಆಟಕ್ಕೆ ಗೊಬ್ಬರ. ಅದನ್ನು ಮೆಚ್ಚಿದ ಎರಿಕ್ ಬರೋನ್ ಎಂಬ ಅಮೆರಿಕದ ಯುವಕ ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ಒಬ್ಬನೇ ಮಾಡಿ 2016ರಲ್ಲಿ 'ಸ್ಟಾರ್‌ಡ್ಯೂ ವ್ಯಾಲಿ' ಹೊರತಂದ. ನಮ್ಮ ಹುಡುಗ ಆಡುತ್ತಿದ್ದುದು ಅದನ್ನೇ.

ಮರುಳು ಮಾಡುವುದು ಯಾವುದು?

ಇದರ ಗುಟ್ಟು ಕಾಲದಲ್ಲಿದೆ. ಸ್ಟಾರ್‌ಡ್ಯೂ ವ್ಯಾಲಿಯ ಒಂದು ದಿನವೆಂದರೆ ನಮ್ಮ ಗಡಿಯಾರದ ಸುಮಾರು 14 ನಿಮಿಷ. ಅಲ್ಲಿನ ಮೊದಲ ಗೆಡ್ಡೆ ಬೆಳೆ ನಾಲ್ಕು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಅಂದರೆ ಬಿತ್ತಿದ ಒಂದು ಗಂಟೆಯೊಳಗೆ ಹಣ ಕೈಯಲ್ಲಿ! ನಮ್ಮ ಅಡಿಕೆ ಸಸಿ ನೆಟ್ಟವನು ಫಸಲು ನೋಡಲು ಐದರಿಂದ ಏಳು ವರ್ಷ ಕಾಯಬೇಕು. ಅಷ್ಟರಲ್ಲಿ ಹತ್ತನೆಯ ತರಗತಿಯ ಹುಡುಗ ಡಿಗ್ರಿ ಮುಗಿಸಿರುತ್ತಾನೆ.

ಎರಡನೆಯದು, ಕಾರಣ ಮತ್ತು ಪರಿಣಾಮ ಕಣ್ಣೆದುರೇ ಇರುತ್ತವೆ. ನೀರು ಹಾಕಿದರೆ ಬೆಳೆಯುತ್ತದೆ, ಹಾಕದಿದ್ದರೆ ಇಲ್ಲ. ನಿಜವಾದ ತೋಟದಲ್ಲಿ ಇಷ್ಟು ಸರಳ ನ್ಯಾಯವಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಲೆಕ್ಕವಾಗಿ ಬೋರ್ಡೋ ದ್ರಾವಣ ಮಾಡಿ ಹೊಡೆದರೂ, ಮಳೆ ಬಿಡದೆ ಹಿಡಿದರೆ ಕೊಳೆ ರೋಗ ಬಂದೇ ಬರಬಹುದು. ಮಾಡಿದ ಕೆಲಸಕ್ಕೆ ತಕ್ಕ ಫಲ ಸಿಗುವ ಲೋಕವೊಂದು ಬೇಕೆಂದು ಯಾರಿಗೆ ಅನ್ನಿಸುವುದಿಲ್ಲ?

ಮೂರನೆಯದು, ಇಲ್ಲಿ ತೀರ್ಮಾನ ಮಾಡುವವನು ಹುಡುಗ. ಮನೆಯಲ್ಲಿ ಅಪ್ಪ, ಶಾಲೆಯಲ್ಲಿ ನಾವು ಹೇಳಿದಂತೆ ಕೇಳುವ ಮಗುವಿಗೆ ಅಲ್ಲಿ ಇಡೀ ಊರೇ ಒಪ್ಪಿಸಲ್ಪಟ್ಟಿದೆ. ತಪ್ಪಿದರೆ ಬೈಯುವವರಿಲ್ಲ, ಅಳಿಸಿ ಮತ್ತೆ ಕಟ್ಟಬಹುದು.

ಬೆಂಕಿಪುರದಿಂದ ಭದ್ರಾವತಿಗೆ

ಈ ಆಟವನ್ನು ನಮ್ಮ ಜಿಲ್ಲೆಯ ಮೇಲೆಯೇ ಆಡಿ ನೋಡೋಣ. ಕಬ್ಬಿಣದ ಕಾರ್ಖಾನೆ ಎಲ್ಲಿ ಇಡುತ್ತೀರಿ? ಅದಿರು ಬೇಕು, ಸುಡಲು ಇದ್ದಿಲು ಬೇಕು, ನೀರು ಬೇಕು, ಸಾಗಿಸಲು ರೈಲು ಬೇಕು. ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಸುತ್ತ ಮಲೆನಾಡಿನ ಕಾಡು, ಪಕ್ಕದಲ್ಲಿ ಭದ್ರಾ ನದಿ, ಬೀರೂರು–ಶಿವಮೊಗ್ಗ ರೈಲು ಹಾದಿ. ನಾಲ್ಕೂ ಕೂಡುವ ಜಾಗದಲ್ಲಿದ್ದ ಊರೇ ಬೆಂಕಿಪುರ, ಇಂದಿನ ಭದ್ರಾವತಿ. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಯೋಜಿತವಾದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಮರವನ್ನು ಇದ್ದಿಲಾಗಿಸಿ ಕಬ್ಬಿಣ ಕರಗಿಸುತ್ತಿದ್ದುದರಿಂದ ಅದರ ಮೊದಲ ಹೆಸರಿನಲ್ಲೇ 'ವುಡ್ ಡಿಸ್ಟಿಲೇಷನ್' ಎಂಬ ಪದಗಳಿದ್ದವು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಹಳದಿ ಚೌಕಗಳು ಬಂದವು. ಅವುಗಳ ಹಿಂದೆ ಹಸಿರು ಚೌಕಗಳಾದ ಕ್ವಾರ್ಟರ್ಸ್, ನೀಲಿ ಚೌಕಗಳಾದ ಅಂಗಡಿ ಬೀದಿ, ಶಾಲೆ, ಆಸ್ಪತ್ರೆ ಎಲ್ಲ ಬಂದವು.

ಹೀಗೆ ಒಂದು ಬೆಳವಣಿಗೆ ಇನ್ನೊಂದನ್ನು ಎಳೆತರುವುದಕ್ಕೆ ವಿಜ್ಞಾನದಲ್ಲಿ ಫೀಡ್‌ಬ್ಯಾಕ್ ಎನ್ನುತ್ತೇವೆ. ಮೈಕು ತನ್ನದೇ ಸ್ಪೀಕರಿನ ಸದ್ದನ್ನು ಹಿಡಿದು ಕೀರಲು ಕೂಗುತ್ತದಲ್ಲ, ಅದೇ ತತ್ವ. ಚಕ್ರ ಮುಂದಕ್ಕೆ ತಿರುಗಿದರೆ ಊರು ಬೆಳೆಯುತ್ತದೆ, ಹಿಂದಕ್ಕೆ ತಿರುಗಿದರೆ ಅದೇ ವೇಗದಲ್ಲಿ ಸೊರಗುತ್ತದೆ. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾದಾಗ ಕಾರ್ಮಿಕರು ಹೋರಾಟಕ್ಕಿಳಿದರು.

ಗ್ರಾಫ್ ಹಾಳೆಯ ಮೇಲೊಂದು ಊರು

ಇದನ್ನು ತರಗತಿಯಲ್ಲಿ ಕಂಪ್ಯೂಟರಿಲ್ಲದೆಯೇ ಆಡಿಸಿ ನೋಡಿದೆ. ಗ್ರಾಫ್ ಹಾಳೆ, ಮೂರು ಬಣ್ಣದ ಪೆನ್ಸಿಲು, ಒಂದು ರಬ್ಬರು. ನಿಯಮ ಇಷ್ಟೇ: ಒಂದು ಹಳದಿ ಚೌಕ ಎರಡು ಹಸಿರು ಚೌಕಗಳನ್ನು ಸಾಕುತ್ತದೆ, ಎರಡು ಹಸಿರು ಸೇರಿದರೆ ಒಂದು ನೀಲಿ. ಮಕ್ಕಳು ಉತ್ಸಾಹದಿಂದ ಊರು ಕಟ್ಟಿದರು. ಆಮೇಲೆ ನಾನು, "ಕಾರ್ಖಾನೆ ನಿಂತಿತು, ಹಳದಿ ಅಳಿಸಿ" ಎಂದೆ. ನಿಯಮದಂತೆ ಹಸಿರು ಅಳಿಸಬೇಕು, ನಂತರ ನೀಲಿ.

ಭದ್ರಾವತಿಯಿಂದ ಬರುವ ಒಬ್ಬ ಹುಡುಗಿ ರಬ್ಬರು ಕೈಗೆತ್ತಿಕೊಳ್ಳಲಿಲ್ಲ. "ಸಾರ್, ಹಸಿರು ಯಾಕೆ ಅಳಿಸಬೇಕು? ಕೆಲಸ ಹೋಯ್ತು ಅಂತ ಎಲ್ಲರೂ ಊರು ಬಿಟ್ಟು ಹೋಗ್ತಾರಾ? ನಮ್ಮಜ್ಜ ಅಲ್ಲೇ ಇದಾರೆ" ಎಂದಳು.

ತರಗತಿ ಸುಮ್ಮನಾಯಿತು. ನನ್ನ ನಿಯಮದಲ್ಲಿ ಆ ಅಜ್ಜನಿಗೆ ಜಾಗವೇ ಇರಲಿಲ್ಲ.

ಅಂದಿನ ಪಾಠ ಅವಳದೇ. ಸಿಮ್‌ಸಿಟಿಯ ಹಿಂದೆಯೂ ಇಂಥದೇ ಒಂದು ಮಾದರಿಯ ನೆರಳಿದೆ. ಜೇ ಫಾರೆಸ್ಟರ್ ಎಂಬ ಎಂಜಿನಿಯರ್ 1969ರಲ್ಲಿ ನಗರಗಳ ಏಳುಬೀಳನ್ನು ಕಂಪ್ಯೂಟರ್ ಸಮೀಕರಣಗಳಲ್ಲಿ ವಿವರಿಸುವ ಪುಸ್ತಕ ಬರೆದಿದ್ದರು. ವಿಲ್ ರೈಟ್ ಅದರಿಂದ ಪ್ರೇರಣೆ ಪಡೆದರು. ಬಡವರಿಗೆ ಅಗ್ಗದ ಮನೆ ಕಟ್ಟಿದರೆ ನಗರದ ಸ್ಥಿತಿ ಇನ್ನಷ್ಟು ಹದಗೆಡುತ್ತದೆ ಎಂದು ಆ ಮಾದರಿ ಹೇಳಿತ್ತು. ಅದಕ್ಕೆ ತೀವ್ರ ಟೀಕೆ ಬಂತು. ಸಮೀಕರಣದಲ್ಲಿ ಏನನ್ನು ಸೇರಿಸಿದ್ದೇವೆ, ಏನನ್ನು ಬಿಟ್ಟಿದ್ದೇವೆ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. ಆಟದಲ್ಲಿ ಅಣೆಕಟ್ಟು, ರಸ್ತೆ, ಸ್ಥಾವರಗಳಿಗೆ ಜಾಗ ಬೇಕಾದರೆ ಬುಲ್ಡೋಜರಿನ ಗುಂಡಿ ಒತ್ತಿದರೆ ಸಾಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದಾಗ ಊರು ಕಳೆದುಕೊಂಡ ಶರಾವತಿ ಕೊಳ್ಳದ ಕುಟುಂಬಗಳ ಮುಂದಿನ ಪೀಳಿಗೆ ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿದೆ. ಆ ಅಲೆದಾಟಕ್ಕೆ ಯಾವ ಆಟದಲ್ಲೂ ಗುಂಡಿಯಿಲ್ಲ.

ತಂದೆತಾಯಂದಿರು ಏನು ಮಾಡಬೇಕು?

ಹಾಗಾದರೆ ಆಟ ಬೇಡವೇ? ಬೇಡವೆನ್ನುವ ಮುನ್ನ ಆಟದ ಜಾತಿ ನೋಡಿ. ಒಮ್ಮೆ ಹಣ ಕೊಟ್ಟು ಕೊಂಡರೆ ಮುಗಿಯುವ ಹಳೆಯ ಬಗೆಯ ಆಟಗಳಿವೆ. ಅವನ್ನು ಉಳಿಸಿ, ನಿಲ್ಲಿಸಿ, ನಾಳೆ ಮುಂದುವರಿಸಬಹುದು. ಇನ್ನು ಕೆಲವು ಬಿಟ್ಟಿ ಎಂದು ಬಂದು ಹೊತ್ತುಹೊತ್ತಿಗೆ ಕರೆಯುತ್ತವೆ. 2009ರಲ್ಲಿ ಬಂದು 2020ರ ಕೊನೆಯ ದಿನ ಮುಚ್ಚಿಹೋದ 'ಫಾರ್ಮ್‌ವಿಲ್' ಈ ಜಾತಿಯದು. ಹೇಳಿದ ಹೊತ್ತಿಗೆ ಹೋಗಿ ಕೊಯ್ಯದಿದ್ದರೆ ಬೆಳೆ ಬಾಡುತ್ತಿತ್ತು. ಕಾಯುವುದನ್ನು ತಪ್ಪಿಸಲು ಹಣ ಕೇಳುವ ಆಟ ಕಂಡರೆ ಎಚ್ಚರವಹಿಸಿ.

ಮಕ್ಕಳೇ, ನಿಮಗೂ ಒಂದು ಮಾತು. ಪರೀಕ್ಷೆಯ ದಿನಗಳಲ್ಲಿ ದಿನಕ್ಕೆ ಅರ್ಧ ಗಂಟೆ ಎಂದು ನೀವೇ ಗೆರೆ ಹಾಕಿಕೊಳ್ಳಿ. ಒಂದು ನಗರದ ಬಜೆಟ್ ನಿಭಾಯಿಸುವವನಿಗೆ ಅದೇನು ಕಷ್ಟ? ಆಸಕ್ತಿ ಇದ್ದವರು ಪರೀಕ್ಷೆ ಮುಗಿದ ಮೇಲೆ ಒಳಗಿನ ಯಂತ್ರವನ್ನೂ ನೋಡಿ. ಮೂಲ ಸಿಮ್‌ಸಿಟಿಯ ಪ್ರೋಗ್ರಾಮನ್ನು 2008ರಲ್ಲಿ 'ಮೈಕ್ರೋಪೊಲಿಸ್' ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಓದಿ ತಿದ್ದುವಂತೆ ಬಿಡುಗಡೆ ಮಾಡಲಾಗಿದೆ.

ಅಡಿಕೆ ತೋಟದ ಆ ತಂದೆಗೆ ಅಂದು ನಾನು ಹೇಳಿದ್ದು ಒಂದೇ ಮಾತು: "ಮೊಬೈಲು ಕಿತ್ತುಕೊಳ್ಳಬೇಡಿ. ನಿಮ್ಮ ಲೆಕ್ಕದ ಪುಸ್ತಕ ಅವನ ಕೈಗೆ ಕೊಡಿ." ಎರಡು ವಾರದ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕರು. ಹುಡುಗ ಈಗಲೂ ಆಡುತ್ತಾನಂತೆ, ಭಾನುವಾರ ಮಾತ್ರ. ಪುಸ್ತಕ ನೋಡಿದವನು ಗೊಬ್ಬರ, ಕೊನೆಗಾರನ ಕೂಲಿ, ಔಷಧಿ ಎಲ್ಲ ಕೂಡಿಸಿ, ಸೊಸೈಟಿ ಸಾಲದ ಬಡ್ಡಿ ಎಷ್ಟು, ತೀರುವುದು ಯಾವಾಗ ಎಂದು ಕೇಳಿದನಂತೆ.

"ಇಷ್ಟು ವರ್ಷ ಅವನು ಕೇಳಿರಲಿಲ್ಲ ಮೇಷ್ಟ್ರೇ" ಎಂದರು. ಬಸ್ಸು ಬಂತು. ಹತ್ತುತ್ತಾ ತಿರುಗಿ ನೋಡಿ, "ನಾನೂ ಹೇಳಿರಲಿಲ್ಲ ಬಿಡಿ" ಎಂದರು.