ಸೂಕ್ಷ್ಮನಿಯಂತ್ರಕದ ಗಣಿತ ಮತ್ತು ಸ್ಮೃತಿ

ಬಟ್ಟೆ ಒಗೆಯುವ ಯಂತ್ರ, ಅಂಗಡಿಯ ವಿದ್ಯುನ್ಮಾನ ತಕ್ಕಡಿ ಮೊದಲಾದವುಗಳ ಒಡಲಲ್ಲಿ ಅಡಗಿದ್ದು, ತನಗೊಪ್ಪಿಸಿದ ಒಂದೇ ಕಾರ್ಯವನ್ನು ಅನವರತ ನಿರ್ವಹಿಸುವ ಪುಟ್ಟ ಗಣಕಕ್ಕೆ ಮೈಕ್ರೋಕಂಟ್ರೋಲರ್ ಎಂದು ಹೆಸರು. ಕನ್ನಡದಲ್ಲಿ ಸೂಕ್ಷ್ಮನಿಯಂತ್ರಕವೆನ್ನಬಹುದು. ಗಣನಾಂಗ, ಸ್ಮೃತಿ, ಹೊರಜಗತ್ತಿನೊಡನೆ ವ್ಯವಹರಿಸುವ ದ್ವಾರಗಳು ಇವೆಲ್ಲವೂ ಇಲ್ಲಿ ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ನೆಲಸಿರುತ್ತವೆ. ಈ ಜಾತಿಯಲ್ಲಿ ಬಹುಪ್ರಸಿದ್ಧವಾದುದು ಅಮೆರಿಕದ ಇಂಟೆಲ್ ಸಂಸ್ಥೆಯು ೧೯೮೦ರಲ್ಲಿ ಹೊರತಂದ ೮೦೫೧. ೨೦೦೭ರಲ್ಲಿ ಇಂಟೆಲ್ ಅದರ ತಯಾರಿಕೆಯನ್ನು ನಿಲ್ಲಿಸಿತಾದರೂ ಅದೇ ವಿನ್ಯಾಸದ ಬಿಲ್ಲೆಗಳನ್ನು ಇತರರು ಇಂದಿಗೂ ತಯಾರಿಸುತ್ತಿದ್ದಾರೆ. ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳ ಅನೇಕ ವಿದ್ಯಾರ್ಥಿಗಳು ಈ ಶಾಸ್ತ್ರದ ಓನಾಮವನ್ನು ಕಲಿತದ್ದು ಇದರಿಂದಲೇ.

ಇದರ ಸ್ಮೃತಿ ಎರಡು ಬಗೆಯದು. (ಜ್ಞಾಪಕಶಕ್ತಿಯೆಂಬುದು ಚೇತನಕ್ಕೆ ಸಲ್ಲುವ ಮಾತು, ಯಂತ್ರಕ್ಕೆ ಸ್ಮೃತಿಯೆಂದರೆ ಸಾಕು.) ಒಂದು ಶಿಲಾಶಾಸನದಂತೆ ಅಳಿಯದ್ದು, ಮಾಡಬೇಕಾದ ಕೆಲಸದ ಆದೇಶಗಳು ಅಲ್ಲಿರುತ್ತವೆ. ಅದರ ಪ್ರಮಾಣ ೪೦೯೬ ಬೈಟ್. ಇನ್ನೊಂದು ಹಲಗೆಯ ಮೇಲಿನ ಬಳಪದ ಬರಹ. ವಿದ್ಯುತ್ತು ಹೋದೊಡನೆ ಅಳಿಸಿಹೋಗುತ್ತದೆ. ಅದು ಕೇವಲ ೧೨೮ ಬೈಟ್! ಒಂದು ಬೈಟಿನಲ್ಲಿ ೦ಯಿಂದ ೨೫೫ರವರೆಗಿನ ಒಂದು ಸಂಖ್ಯೆ ಮಾತ್ರ ಹಿಡಿಸುತ್ತದೆ.

ಇಷ್ಟು ಕಿರಿದಾದ ಹಲಗೆಯನ್ನು ವಿನ್ಯಾಸಕಾರರು ಹಂಚಿಕೊಟ್ಟಿರುವ ಜಾಣ್ಮೆ ಮೆಚ್ಚತಕ್ಕದ್ದು. ಮೊದಲ ೩೨ ಬೈಟುಗಳು ಎಂಟೆಂಟರ ನಾಲ್ಕು ಗುಂಪುಗಳು. ಕೆಲಸದ ನಡುವೆ ತುರ್ತು ಕರೆ ಬಂದಾಗ, ಗುಮಾಸ್ತನು ತೆರೆದ ಕಡತವನ್ನು ಹಾಗೆಯೇ ಬಿಟ್ಟು ಪಕ್ಕದ ಮೇಜಿಗೆ ಹೋಗಿ ಕುಳಿತಂತೆ, ಯಂತ್ರವು ಒಂದು ಗುಂಪಿನಿಂದ ಮತ್ತೊಂದಕ್ಕೆ ಸರಿಯಬಹುದು. ಮುಂದಿನ ೧೬ ಬೈಟುಗಳಲ್ಲಿ ೧೨೮ ಬಿಟ್‌ಗಳನ್ನು ಬಿಡಿಬಿಡಿಯಾಗಿ ಮುಟ್ಟಬಹುದು. ದೀಪ ಉರಿದಿದೆಯೇ ಇಲ್ಲವೇ ಎಂಬಷ್ಟಕ್ಕೆ ಇಡೀ ಬೈಟನ್ನು ವ್ಯಯಿಸಬೇಕಾಗಿಲ್ಲ. ಉಳಿದ ೮೦ ಬೈಟುಗಳು ಸಾಮಾನ್ಯ ಬಳಕೆಗೆ. ಆದರೆ ಒಂದು ಎಚ್ಚರಿಕೆ ಬೇಕು. ಹಿಂದಿರುಗುವ ದಾರಿಯನ್ನು ಯಂತ್ರವು ಗುರುತು ಹಾಕಿಕೊಳ್ಳುವ ಸ್ಟ್ಯಾಕ್ ಎಂಬ ರಾಶಿಯು, ಬೇರೆಡೆಗೆ ಸರಿಸದಿದ್ದರೆ, ಎರಡನೆಯ ಗುಂಪಿನ ಮೇಲೆಯೇ ಬೆಳೆಯತೊಡಗುತ್ತದೆ. ಇದನ್ನು ಮರೆತವನ ಲೆಕ್ಕ ಸದ್ದಿಲ್ಲದೆ ಕೆಡುತ್ತದೆ.

ಇನ್ನು ಗಣಿತ. ೨೦೦ಕ್ಕೆ ೧೦೦ನ್ನು ಕೂಡಿದರೆ ೩೦೦. ಒಂದು ಬೈಟಿನಲ್ಲಿ ಅದು ಹಿಡಿಸದು. ೨೫೬ ಕಳೆದು ೪೪ ಮಾತ್ರ ಉಳಿಯುತ್ತದೆ. ಹೊರಬಿದ್ದುದನ್ನು ಕ್ಯಾರಿ ಎಂಬ ಒಂದು ಬಿಟ್‌ನ ಧ್ವಜ ಸೂಚಿಸುತ್ತದೆ. ಪ್ರಾಥಮಿಕ ಶಾಲೆಯ ದಶಕಸಹಿತ ಸಂಕಲನವೇ ಇದು. ದಶಕದ ಬದಲು ಇಲ್ಲಿ ೨೫೬. ಧ್ವಜವನ್ನು ಲೆಕ್ಕಿಸದ ತಕ್ಕಡಿಯಲ್ಲಿ ೩೦೦ ಗ್ರಾಂ ಬೇಳೆ ೪೪ ಗ್ರಾಂ ಆದೀತು.

ಆ ಕಾಲದ ಅನೇಕ ಎಂಟು ಬಿಟ್ ಗಣಕಗಳಿಗಿಲ್ಲದ ಗುಣಾಕಾರ ಭಾಗಾಕಾರಗಳು ೮೦೫೧ಕ್ಕೆ ಹುಟ್ಟಿನಿಂದಲೇ ಬಂದಿವೆ. ೧೦೦ನ್ನು ೭ರಿಂದ ಭಾಗಿಸಿದರೆ ಭಾಗಲಬ್ಧ ೧೪ ‘ಎ’ ಎಂಬ ಸ್ಥಾನದಲ್ಲಿಯೂ ಶೇಷ ೨ ‘ಬಿ’ ಎಂಬಲ್ಲಿಯೂ ದೊರೆಯುತ್ತವೆ. ೧೨ ಮೆಗಾಹರ್ಟ್ಸ್ ವೇಗದಲ್ಲಿ ಇದಕ್ಕೆ ತಗಲುವ ಕಾಲ ಸೆಕೆಂಡಿನ ಹತ್ತು ಲಕ್ಷದ ನಾಲ್ಕು ಭಾಗ. ಸೊನ್ನೆಯಿಂದ ಭಾಗಿಸಹೊರಟರೆ ಯಂತ್ರ ನಿಲ್ಲುವುದಿಲ್ಲ; ಮತ್ತೊಂದು ಧ್ವಜವನ್ನೆತ್ತಿ, ಅರ್ಥವಿಲ್ಲದ ಉತ್ತರವನ್ನಿಟ್ಟು ಸುಮ್ಮನಾಗುತ್ತದೆ. ನೋಡುವ ಹೊಣೆ ಆದೇಶ ಬರೆದವನದು.

ಈ ಹೊಣೆ ಎಷ್ಟು ದೊಡ್ಡದೆಂಬುದು ೧೯೯೬ರ ಜೂನ್ ೪ರಂದು ಫ್ರೆಂಚ್ ಗಯಾನಾದಲ್ಲಿ ತಿಳಿದುಬಂದಿತು. ಯುರೋಪಿನ ಏರಿಯಾನ್ ೫ ರಾಕೆಟ್ಟಿನ ಮೊದಲ ಹಾರಾಟ ಅಂದು. ಅದರ ಗಣಕ ಬೇರೆ ಜಾತಿಯದು, ತಪ್ಪು ಮಾತ್ರ ಇದೇ ಜಾತಿಯದು. ೩೨,೭೬೭ಕ್ಕಿಂತ ಹೆಚ್ಚಿನದು ಹಿಡಿಸದ ೧೬ ಬಿಟ್‌ಗಳ ಸ್ಥಾನಕ್ಕೆ ಅದನ್ನು ಮೀರಿದ ಸಂಖ್ಯೆಯನ್ನು ತುಂಬಹೊರಟಾಗ ದಿಕ್ಸೂಚಕ ವ್ಯವಸ್ಥೆ ಸ್ತಬ್ಧವಾಯಿತು; ಹಾರಿದ ಸುಮಾರು ೪೦ ಸೆಕೆಂಡುಗಳಲ್ಲಿ ರಾಕೆಟ್ಟು ಛಿದ್ರವಾಯಿತು. ಆ ಆದೇಶಗಳನ್ನು ಹಿಂದಿನ ಏರಿಯಾನ್ ೪ರಿಂದ ಹಾಗೆಯೇ ತಂದುಕೊಳ್ಳಲಾಗಿತ್ತು. ಆ ರಾಕೆಟ್ಟಿನ ಪಥದಲ್ಲಿ ಸಂಖ್ಯೆಯು ಎಂದೂ ಅಷ್ಟು ಬೆಳೆದಿರಲಿಲ್ಲ.